ಹಪ್ಪಳದ ಹಾಗೆ ಪೋಸ್ಟನ್ನೂ ಮೊದಲೇ ಮಾಡಿಡಿ

ಹೋದ ವರ್ಷ ಜೂನ್‌ನಲ್ಲಿ ನಮ್ಮಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ, ತೋಟದ ನಡುವೆ ನಮ್ಮ ಮನೆ. ಗಾಳಿಗೆ ಒಂದು ಅಡಿಕೆ ಮರ ತಂತಿ ಮೇಲೆ ಬಿದ್ದರೆ ಮುಗಿಯಿತು, ಮೊದಲು ಕರೆಂಟ್ ಹೋಗುತ್ತದೆ, ಅದರ ಹಿಂದೆ ವೈಫೈ, ಸಂಜೆಯಾಗುವಷ್ಟರಲ್ಲಿ ಮೊಬೈಲ್ ಸಿಗ್ನಲ್ಲೂ ಇಲ್ಲ. ಆದರೆ ಆ ಮೂರು ದಿನಗಳಲ್ಲೂ ಚಿಕ್ಕಮ್ಮನ ಹಲಸಿನ ಹಪ್ಪಳದ ಫೇಸ್‌ಬುಕ್ ಪೇಜಿನಲ್ಲಿ ಪೋಸ್ಟ್‌ಗಳು ಸರಿಯಾದ ಹೊತ್ತಿಗೆ ಬಂದವು. ನಾಲ್ಕನೇ ದಿನ ಸಿಗ್ನಲ್ ಬಂದಾಗ ನೋಡಿದರೆ ಬೆಂಗಳೂರಿನಿಂದ, ಶಾರ್ಜಾದಿಂದ, ಪಕ್ಕದ ಪೆರ್ಲದಿಂದ ಮೆಸೇಜ್‌ಗಳು ಕಾದು ಕುಳಿತಿದ್ದವು.

ಅದರ ಹಿಂದಿನ ವರ್ಷ ಹೀಗಿರಲಿಲ್ಲ. ಏಪ್ರಿಲ್, ಮೇ ಎರಡು ತಿಂಗಳು ಮನೆಯಲ್ಲಿ ಯಾರಿಗೂ ಕೈ ಬಿಡುವಿಲ್ಲ. ಹಲಸು ಕೊಯ್ಯಬೇಕು, ಸೊಳೆ ಬಿಡಿಸಬೇಕು, ಬೇಯಿಸಿ ಗುದ್ದಿ ಉಂಡೆ ಮಾಡಿ ಒತ್ತಬೇಕು, ಬಿಸಿಲಿಗೆ ಹಾಕಬೇಕು, ಮೋಡ ಬಂದರೆ ಓಡಿ ತೆಗೆಯಬೇಕು. ಅಂಟಿನ ಕೈಯಲ್ಲಿ ಫೋನ್ ಮುಟ್ಟುವವರು ಯಾರು? ಮಳೆ ಹಿಡಿದು ಜನರಿಗೆ ಹಪ್ಪಳ ತಿನ್ನುವ ಆಸೆ ಹುಟ್ಟುವ ಹೊತ್ತಿಗೆ ನಮ್ಮ ಪೇಜ್ ಸದ್ದಿಲ್ಲದೆ ಮಲಗಿತ್ತು. ಡಬ್ಬದ ತುಂಬ ಹಪ್ಪಳ ಇದೆ, ಕೇಳುವವರಿಗೆ ಅದು ಗೊತ್ತೇ ಇಲ್ಲ. ಆಗ ಚಿಕ್ಕಮ್ಮ ಕೇಳಿದರು, "ಹಪ್ಪಳ ಬೇಸಿಗೆಯಲ್ಲಿ ಮಾಡಿ ಮಳೆಗಾಲಕ್ಕೆ ಇಡುವುದಿಲ್ವಾ ಮಗಾ, ನಿನ್ನ ಪೋಸ್ಟನ್ನೂ ಹಾಗೇ ಮಾಡಿಡ್ಲಿಕ್ಕೆ ಆಗುವುದಿಲ್ವಾ?"

ಆಗುತ್ತದೆ. ಪೋಸ್ಟನ್ನು ಮೊದಲೇ ತಯಾರಿಸಿ, ಇಂಥ ದಿನ ಇಂಥ ಹೊತ್ತಿಗೆ ತಾನಾಗಿ ಹೋಗುವ ಹಾಗೆ ಇಡಬಹುದು, ಇದಕ್ಕೆ ಶೆಡ್ಯೂಲ್ ಮಾಡುವುದು ಅನ್ನುತ್ತಾರೆ. ಅದಕ್ಕೆ ದುಡ್ಡೂ ಬೇಡ. ಮನೆಯಲ್ಲೇ ತಿಂಡಿ ಮಾಡಿ ಮಾರುವವರು, ಬಟ್ಟೆ ಹೊಲಿಯುವವರು, ನರ್ಸರಿ ಇಟ್ಟವರು, ಪೇಟೆಯಲ್ಲಿ ಸಣ್ಣ ಅಂಗಡಿ ಇರುವವರು, ಎಲ್ಲರಿಗೂ ಇದು ಉಪಯೋಗವಾಗುತ್ತದೆ ಎಂದು ನನಗೆ ಖಾತ್ರಿ ಇದೆ. ನಾವು ಹೇಗೆ ಮಾಡಿದೆವು, ಎಲ್ಲಿ ಎಡವಿದೆವು ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಖಾತೆ ಸರಿ ಮಾಡಿಕೊಳ್ಳಿ

ಫೇಸ್‌ಬುಕ್‌ನಲ್ಲಿ ನಿಮ್ಮ ಸ್ವಂತ ಹೆಸರಿನ ಪ್ರೊಫೈಲ್ ಇದ್ದರೆ ಸಾಲದು, ವ್ಯಾಪಾರದ ಹೆಸರಿನಲ್ಲಿ ಒಂದು ಪೇಜ್ ಬೇಕು. ಇನ್‌ಸ್ಟಾಗ್ರಾಮ್ ಖಾತೆಯನ್ನು ಸೆಟ್ಟಿಂಗ್ಸ್‌ಗೆ ಹೋಗಿ ಪ್ರೊಫೆಷನಲ್ ಖಾತೆಯಾಗಿ ಬದಲಾಯಿಸಿ. ಇದು ಉಚಿತ, ಎರಡು ನಿಮಿಷದ ಕೆಲಸ. ಸಾದಾ ಖಾತೆಯಲ್ಲಿ ಶೆಡ್ಯೂಲ್ ಮಾಡುವ ಸೌಲಭ್ಯ ಸಿಗುವುದಿಲ್ಲ. ಆಮೇಲೆ ಪೇಜನ್ನೂ ಇನ್‌ಸ್ಟಾಗ್ರಾಮನ್ನೂ ಒಂದಕ್ಕೊಂದು ಜೋಡಿಸಿ. ಜೋಡಿಸಿದ ಮೇಲೆ ಮೆಟಾ ಬಿಸಿನೆಸ್ ಸೂಟ್ ಎಂಬ ಆ್ಯಪ್ ಹಾಕಿಕೊಂಡರೆ ಎರಡಕ್ಕೂ ಒಂದೇ ಕಡೆಯಿಂದ ಪೋಸ್ಟ್ ಇಡಬಹುದು. ಕಂಪ್ಯೂಟರ್ ಇದ್ದರೆ ಬ್ರೌಸರ್‌ನಲ್ಲೂ ಅದು ತೆರೆಯುತ್ತದೆ. ತಿಂಗಳ ಪೋಸ್ಟ್‌ಗಳನ್ನು ಒಟ್ಟಿಗೆ ನೋಡಲು ದೊಡ್ಡ ಪರದೆಯೇ ಒಳ್ಳೆಯದು.

ಒಂದು ಮಾತು. ಮನೆಯಲ್ಲಿ ಇಬ್ಬರು ಮೂವರು ಪೇಜ್ ನೋಡಿಕೊಳ್ಳುವುದಾದರೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಹಂಚಬೇಡಿ. ಪೇಜ್ ಸೆಟ್ಟಿಂಗ್ಸ್‌ನಲ್ಲಿ ಅವರವರ ಖಾತೆಗೇ ಅನುಮತಿ ಕೊಡಬಹುದು. ನಮ್ಮಲ್ಲಿ ಅತ್ತಿಗೆ ಮಂಗಳೂರಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಇಲ್ಲಿ ಸಿಗ್ನಲ್ ಇಲ್ಲದಾಗ ಅಲ್ಲಿಂದ ಅವರು ಪೇಜ್ ನೋಡುತ್ತಾರೆ. ಮಳೆಗಾಲದಲ್ಲಿ ಇದರಷ್ಟು ಉಪಕಾರ ಬೇರೆ ಇಲ್ಲ.

ಕ್ಯಾಲೆಂಡರ್ ನಿಮ್ಮ ಊರಿನದ್ದೇ ಆಗಿರಲಿ

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಪೋಸ್ಟ್ ಮಾಡಲು ರೆಡಿಮೇಡ್ ಕ್ಯಾಲೆಂಡರ್‌ಗಳು ರಾಶಿ ಸಿಗುತ್ತವೆ. ಅವು ಎಲ್ಲಿಯವರಿಗೋ ಮಾಡಿದ್ದು. ಅದರಲ್ಲಿ ತುಳುವರ ಆಟಿ ತಿಂಗಳು ಇರುವುದಿಲ್ಲ, ಸೌರ ಹೊಸವರ್ಷದ ಬಿಸು ಇರುವುದಿಲ್ಲ. ನಮ್ಮ ಜನ ಯಾವಾಗ ಕೊಳ್ಳುತ್ತಾರೆ ಎಂದು ಗೊತ್ತಿರುವುದು ನಮಗೇ.

ಗಡಿನಾಡಿನ ಮನೆಗಳಲ್ಲಿ ಗೋಡೆ ಮೇಲೆ ಎರಡು ಕ್ಯಾಲೆಂಡರ್ ತೂಗುತ್ತವೆ, ಒಂದು ಕನ್ನಡದ್ದು, ಒಂದು ಮಲಯಾಳದ್ದು. ಎರಡನ್ನೂ ಕೆಳಗಿಳಿಸಿ ಮೇಜಿನ ಮೇಲೆ ಇಡಿ. ಪಕ್ಕದಲ್ಲಿ ಒಂದು ನೋಟ್‌ಪುಸ್ತಕ. ತಿಂಗಳಿಗೆ ಒಂದು ಪುಟ. ಪ್ರತಿ ಪುಟದಲ್ಲಿ ಮೂರು ವಿಷಯ ಬರೆಯಿರಿ: ಆ ತಿಂಗಳು ನಮ್ಮಲ್ಲಿ ಏನು ತಯಾರಾಗುತ್ತದೆ, ಯಾವ ಹಬ್ಬ ಬರುತ್ತದೆ, ದೂರದಲ್ಲಿರುವವರು ಯಾವಾಗ ಊರಿಗೆ ಬರುತ್ತಾರೆ.

ಹಬ್ಬದ ದಿನಾಂಕದಲ್ಲಿ ನಾವು ಎಡವಿದ್ದೇವೆ, ನೀವು ಎಡವಬೇಡಿ. ಬಿಸು, ಆಟಿ, ಓಣಂ ಇವೆಲ್ಲ ಸೌರಮಾನದ ಲೆಕ್ಕ. ಬಿಸು ಏಪ್ರಿಲ್ 14 ಅಥವಾ 15, ಆಟಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಓಣಂ ಮಾತ್ರ ಸಿಂಗ (ಸಿಂಹ) ಮಾಸದ ನಕ್ಷತ್ರ ನೋಡಿ ಬರುವುದರಿಂದ ಆಗಸ್ಟ್ ಸೆಪ್ಟೆಂಬರ್ ನಡುವೆ ಓಡಾಡುತ್ತದೆ. ಚೌತಿ, ಅಷ್ಟಮಿ, ನವರಾತ್ರಿ, ದೀಪಾವಳಿ ಚಾಂದ್ರಮಾನ. ಹಾಗಾಗಿ ಹೋದ ವರ್ಷದ ಪಟ್ಟಿಯನ್ನು ಹಾಗೇ ನಕಲು ಮಾಡಿದರೆ ಕೆಡುತ್ತದೆ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ ಬಂತು, ಓಣಂ ಸೆಪ್ಟೆಂಬರ್ 5ಕ್ಕೆ. 2026ರಲ್ಲಿ ಅಧಿಕ ಮಾಸ ಬಂದಿರುವುದರಿಂದ ಚೌತಿ ಸೆಪ್ಟೆಂಬರ್ 14ಕ್ಕೆ ಹೋಗಿದೆ, ಓಣಂ ಆಗಸ್ಟ್ 26ಕ್ಕೇ ಇದೆ. ಕ್ರಮವೇ ತಲೆಕೆಳಗು. ಬಾಳೆಕಾಯಿ ಚಿಪ್ಸ್ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಯಾವ ಭಾಷೆಯ ಗಿರಾಕಿಗೆ ಯಾವ ವಾರ ಮೊದಲು ಹೇಳಬೇಕು ಎಂಬುದೇ ಬದಲಾಗುತ್ತದೆ.

ಈದ್ ಹಬ್ಬದ್ದು ಇನ್ನೊಂದು ರೀತಿ. ಚಂದ್ರ ಕಂಡ ಮೇಲೆ ದಿನ ಗೊತ್ತಾಗುವುದು. ಶುಭಾಶಯದ ಪೋಸ್ಟನ್ನು ತಯಾರು ಮಾಡಿ ಡ್ರಾಫ್ಟ್ (ಕರಡು) ಆಗಿ ಇಡಿ, ಘೋಷಣೆಯಾದ ಮೇಲೆ ಕೈಯಿಂದಲೇ ಹಾಕಿ. ಉಪ್ಪಳ, ಕುಂಬಳೆ, ಮಂಜೇಶ್ವರದಲ್ಲಿ ವ್ಯಾಪಾರ ಮಾಡುವವರು ಒಂದು ದಿನ ಮೊದಲೇ ಶುಭಾಶಯ ಹೇಳಿಬಿಟ್ಟರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಗಲ್ಫ್‌ನವರ ಲೆಕ್ಕ ನಮಗೆ ತುಂಬಾ ಮುಖ್ಯ. ಅಲ್ಲಿನ ಶಾಲೆಗಳ ದೊಡ್ಡ ರಜೆ ಜುಲೈ, ಆಗಸ್ಟ್‌ನಲ್ಲಿ. ನಮ್ಮಲ್ಲಿ ಜಡಿಮಳೆ ಹೊಡೆಯುವಾಗ ಅವರು ಮಕ್ಕಳನ್ನು ಕರೆದುಕೊಂಡು ಊರಿಗೆ ಬರುತ್ತಾರೆ, ವಾಪಸ್ ಹೋಗುವಾಗ ಪೆಟ್ಟಿಗೆಯಲ್ಲಿ ಹಪ್ಪಳ, ಮಾಂಬಳ (ಒಣಗಿಸಿದ ಮಾವಿನ ರಸ), ಉಪ್ಪಿನಕಾಯಿ ತುಂಬಿಸುತ್ತಾರೆ. ಇವರಿಗೆ ಜುಲೈ ಕೊನೆಗೆ ಹೇಳಿದರೆ ತಡವಾಯಿತು. ನಾವು ಜೂನ್ ಮೊದಲ ವಾರದಿಂದಲೇ "ಊರಿಗೆ ಬರುವ ದಿನ ತಿಳಿಸಿ, ಕಟ್ಟಿಡುತ್ತೇವೆ" ಎಂದು ಪೋಸ್ಟ್ ಶುರು ಮಾಡುತ್ತೇವೆ. ಆ ಜೂನ್ ಪೋಸ್ಟ್‌ಗಳ ಫೋಟೋ ಮೇ ತಿಂಗಳ ಬಿಸಿಲಲ್ಲೇ ತೆಗೆದಿರಬೇಕು, ಮಳೆ ಬಂದ ಮೇಲೆ ಒಣಹಾಕಿದ ಹಪ್ಪಳದ ಫೋಟೋ ಎಲ್ಲಿಂದ ತರುವುದು?

ಒಂದು ಮಧ್ಯಾಹ್ನ ಕುಳಿತು ಎಂಟು ಪೋಸ್ಟ್

ದಿನಾ ಒಂದು ಪೋಸ್ಟ್ ಹಾಕಲೇಬೇಕು ಅಂತ ಹಠ ಬೇಡ. ವಾರಕ್ಕೆ ಎರಡು ಸಾಕು, ತಿಂಗಳಿಗೆ ಎಂಟು. ಸಣ್ಣ ವ್ಯಾಪಾರಕ್ಕೆ ಇದು ಧಾರಾಳ. ದಿನಾ ಹಾಕಲು ಹೋಗಿ ಎರಡನೇ ವಾರಕ್ಕೆ ಸುಸ್ತಾಗಿ ಬಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಫೋಟೋಗಳನ್ನು ಕೆಲಸ ನಡೆಯುವಾಗಲೇ ತೆಗೆದಿಡಿ. ಅದಕ್ಕಾಗಿ ಬೇರೆ ದಿನ ಮಾಡಬೇಡಿ. ಸೊಳೆ ಬಿಡಿಸುವ ಕೈ, ಹಬೆಯಾಡುವ ಪಾತ್ರೆ, ಚಾಪೆ ಮೇಲೆ ಸಾಲಾಗಿ ಒಣಗುವ ಹಪ್ಪಳ, ಅದನ್ನು ಕಾಯುತ್ತಾ ಕುಳಿತ ಅಜ್ಜಿಯ ಕೋಲು. ಅಜ್ಜಿ ಒಪ್ಪಿದರೆ ಅಜ್ಜಿಯೂ. ಬೆಳಗ್ಗೆ ಒಂಬತ್ತರೊಳಗಿನ ಬೆಳಕು, ಸಂಜೆ ನಾಲ್ಕರ ನಂತರದ ಬೆಳಕು ಚೆನ್ನಾಗಿರುತ್ತದೆ. ನಡು ಮಧ್ಯಾಹ್ನದ ಬಿಸಿಲು ಹಪ್ಪಳಕ್ಕೆ ಒಳ್ಳೆಯದು, ಫೋಟೋಗೆ ಅಲ್ಲ. ಫೋನಿನಲ್ಲಿ ವ್ಯಾಪಾರದ ಹೆಸರಿನ ಒಂದು ಆಲ್ಬಂ ಮಾಡಿ ಎಲ್ಲವನ್ನೂ ಅದಕ್ಕೆ ಹಾಕುತ್ತಾ ಹೋಗಿ. ಮೊಮ್ಮಕ್ಕಳ ಹುಟ್ಟುಹಬ್ಬದ ಐನೂರು ಫೋಟೋ ನಡುವೆ ಹಪ್ಪಳ ಹುಡುಕುವ ಕಷ್ಟ ತಪ್ಪುತ್ತದೆ.

ಫೋಟೋವನ್ನು ಉದ್ದಕ್ಕೆ ಹಿಡಿದು ತೆಗೆಯಿರಿ. ಇನ್‌ಸ್ಟಾಗ್ರಾಮ್ ಪ್ರೊಫೈಲಿನಲ್ಲಿ 2025ರಿಂದ ಚೌಕಗಳ ಬದಲು ಉದ್ದದ ಚಿತ್ರಗಳೇ ಕಾಣುತ್ತವೆ. ಬರಹ ಇದ್ದರೆ ಅದು ನಡುವಿನಲ್ಲಿರಲಿ, ಅಂಚಿಗೆ ಹೋದರೆ ಕತ್ತರಿಸಿಹೋಗಬಹುದು.

ಆ ಎಂಟರಲ್ಲಿ ಎಲ್ಲವೂ "ಕೊಳ್ಳಿ, ಕೊಳ್ಳಿ" ಆಗಬಾರದು. ನಮ್ಮಲ್ಲಿ ನೇರವಾಗಿ ಮಾರಾಟದ ಮಾತು ಇರುವುದು ಮೂರರಲ್ಲಿ. ಎರಡರಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ತೋರಿಸುತ್ತೇವೆ. ಒಂದರಲ್ಲಿ ಬಳಸುವ ವಿಧಾನ, ಉದಾಹರಣೆಗೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಅಂದರೆ ಉಪ್ಪುಸೊಳೆಯನ್ನು ಎಷ್ಟು ಹೊತ್ತು ನೀರಲ್ಲಿ ಹಾಕಬೇಕು, ಹಪ್ಪಳ ಕಾಯಿಸುವಾಗ ಎಣ್ಣೆ ಎಷ್ಟು ಬಿಸಿ ಇರಬೇಕು. ಒಂದು ಗಿರಾಕಿಯ ಮಾತು, ಅವರನ್ನು ಕೇಳಿಯೇ. ಉಳಿದ ಒಂದು ಸುಮ್ನೆ ಊರಿನ ಮಾತು: ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ, ಮೇ ಕೊನೆಯ ಪತ್ತನಾಜೆಯ ದಿನ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಯಕ್ಷಗಾನ ಮೇಳಗಳು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ಯಕ್ಷಗಾನದ ಮಾತು ಬಂದರೆ ಜನ ತಾವಾಗಿಯೇ ಮಾತಿಗೆ ಬರುತ್ತಾರೆ. ನಮ್ಮ ಪೇಜಿನಲ್ಲಿ ಅತಿ ಜಾಸ್ತಿ ಕಾಮೆಂಟ್ ಬಂದದ್ದು ಪತ್ರೊಡೆಗೆ ಕೆಸುವಿನ ಎಲೆ ಎಳೆಯದು ಬೇಕೋ ಬೆಳೆದದ್ದು ಬೇಕೋ ಎಂಬ ಪೋಸ್ಟಿಗೆ. ಅದರಲ್ಲಿ ಮಾರುವ ವಸ್ತುವೇ ಇರಲಿಲ್ಲ, ಆದರೆ ಆ ವಾರ ಬಂದ ಆರ್ಡರ್‌ಗಳಲ್ಲಿ ಕೆಲವರು ಅದನ್ನು ನೋಡಿಯೇ ಪೇಜಿಗೆ ಬಂದವರು.

ಬರಹದ ಮೊದಲ ಸಾಲಿನಲ್ಲೇ ವಿಷಯ ಇರಲಿ. ಎರಡು ಸಾಲಿನ ನಂತರದ್ದು "ಮೋರ್" ಒತ್ತಿದರೆ ಮಾತ್ರ ಕಾಣುವುದು. "ಎಲ್ಲರಿಗೂ ನಮಸ್ಕಾರ, ನಮ್ಮ ಪೇಜಿಗೆ ಸ್ವಾಗತ" ಅಂತ ಶುರು ಮಾಡಿದರೆ ಆ ಎರಡು ಸಾಲು ಅದಕ್ಕೇ ಹೋಯಿತು. "ಈ ವರ್ಷದ ಮೊದಲ ಬಿಸಿಲಿನ ಹಪ್ಪಳ ಡಬ್ಬಕ್ಕೆ ಬಿತ್ತು" ಅಂದರೆ ನಿಂತು ಓದುತ್ತಾರೆ.

ಇನ್ನೊಂದು, ಇದು ತುಂಬ ಮುಖ್ಯ. ಬೆಲೆಯನ್ನು ಚಿತ್ರದ ಒಳಗೆ ಬರೆಯಬೇಡಿ. 2025ರಲ್ಲಿ ತೆಂಗಿನೆಣ್ಣೆ ಬೆಲೆ ಹೇಗೆ ಏರಿತು ಎಂದು ನಿಮಗೂ ನೆನಪಿರಬಹುದು. ನಾವು ಚಿಪ್ಸಿನ ಬೆಲೆಯನ್ನು ದೊಡ್ಡ ಅಕ್ಷರದಲ್ಲಿ ಚಿತ್ರದ ಮೇಲೇ ಹಾಕಿ ಮೂರು ವಾರಕ್ಕೆ ಇಟ್ಟುಬಿಟ್ಟಿದ್ದೆವು. ಹೊತ್ತು ಬಂದಾಗ ಅದು ಹಳೆ ಬೆಲೆಯಲ್ಲೇ ಹೊರಗೆ ಹೋಯಿತು. ಕೇಳಿದವರಿಗೆಲ್ಲ ಆ ಬೆಲೆಗೇ ಕೊಟ್ಟೆವು, ಬರೆದ ಮೇಲೆ ಕೊಡಬೇಕಲ್ವಾ. ಕೆಳಗಿನ ಬರಹವನ್ನು ಪೋಸ್ಟ್ ಆದ ಮೇಲೂ ತಿದ್ದಬಹುದು. ಇನ್‌ಸ್ಟಾಗ್ರಾಮ್‌ನಲ್ಲಿ ಹೋದ ಚಿತ್ರವನ್ನು ಬದಲಿಸಲು ಆಗುವುದಿಲ್ಲ. ಆದ್ದರಿಂದ ಬದಲಾಗಬಹುದಾದದ್ದೆಲ್ಲ, ಬೆಲೆ, ದಾಸ್ತಾನು, ಕೊರಿಯರ್ ದಿನ, ಇವು ಬರಹದಲ್ಲಿ. ಬದಲಾಗದ್ದು, ಹೆಸರು, ಊರು, ತಿಂಡಿಯವರಾದರೆ ಆಹಾರ ಸುರಕ್ಷತೆಯ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ಸಂಖ್ಯೆ, ಇವು ಚಿತ್ರದಲ್ಲಿ.

ಅಕ್ಷರ, ಭಾಷೆ

ಪ್ರೆಸ್ಸಿನವರು ಮಾಡಿಕೊಟ್ಟ ಬ್ರೋಷರಿನಿಂದ ಕನ್ನಡ ಬರಹವನ್ನು ಕಾಪಿ ಮಾಡಿ ಫೇಸ್‌ಬುಕ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಬರುತ್ತದೆ. ಅದು ಹಳೆ ರೀತಿಯ ಫಾಂಟಿನಲ್ಲಿ ಟೈಪ್ ಮಾಡಿದ್ದು, ಎಲ್ಲ ಫೋನುಗಳಲ್ಲೂ ಸರಿಯಾಗಿ ಕಾಣುವ ಯೂನಿಕೋಡ್ ಅಲ್ಲ. ಒಂದೋ ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಇಲ್ಲವೇ ಫೋನಿನ ಕನ್ನಡ ಕೀಬೋರ್ಡಿನಲ್ಲಿ ಹೊಸದಾಗಿ ಟೈಪ್ ಮಾಡಿ. ಚಿಕ್ಕಮ್ಮ ಟೈಪ್ ಮಾಡುವುದಿಲ್ಲ, ಜಿಬೋರ್ಡ್ ಎಂಬ ಕೀಬೋರ್ಡ್ ಆ್ಯಪಿನ ಮೈಕ್ ಒತ್ತಿ ಮಾತಾಡುತ್ತಾರೆ. ಅವರ ಮಾತಿನ ಧಾಟಿ ಹಾಗೇ ಬರುತ್ತದೆ, ನಾನು ಬರೆದದ್ದಕ್ಕಿಂತ ಅದೇ ಚಂದ. ಚಿತ್ರದ ಮೇಲೆ ಬರೆಯಲು ಕ್ಯಾನ್ವಾ ಎಂಬ ಡಿಸೈನ್ ಆ್ಯಪ್ ಸಾಕು. ಬಾಲೂ ತಮ್ಮ, ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡದಂಥ ಉಚಿತ ಫಾಂಟುಗಳು ಫೋನಿನ ಪರದೆಯಲ್ಲೂ ಸ್ಪಷ್ಟವಾಗಿ ಓದಿಸಿಕೊಳ್ಳುತ್ತವೆ. ಸಪೂರ ಅಕ್ಷರ ಬೇಡ, ಒತ್ತಕ್ಷರಗಳು ಮಸುಕಾಗುತ್ತವೆ.

ನಮ್ಮ ಜಿಲ್ಲೆಯಲ್ಲಿ ಒಂದೇ ಭಾಷೆಯಲ್ಲಿ ವ್ಯಾಪಾರ ನಡೆಯುವುದಿಲ್ಲ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಎಲ್ಲ ಒಂದೇ ಬಸ್ಸಿನಲ್ಲಿ ಕೇಳುತ್ತೇವೆ. ನಾವು ಮಾಡುವುದು ಹೀಗೆ: ಮೊದಲು ಕನ್ನಡ, ಒಂದು ಸಾಲು ಬಿಟ್ಟು ಮಲಯಾಳ. ಚಿತ್ರದಲ್ಲಿ ಕನ್ನಡ ಮಾತ್ರ. ಎರಡು ಲಿಪಿಯನ್ನು ಒಂದೇ ಚಿತ್ರಕ್ಕೆ ತುರುಕಿದರೆ ಯಾವುದೂ ಓದಲು ಆಗುವುದಿಲ್ಲ. ಮಲಯಾಳದ ಭಾಗವನ್ನು ಯಂತ್ರದಿಂದ ಅನುವಾದಿಸಿ ಹಾಗೇ ಹಾಕಬೇಡಿ. ನಮ್ಮ ಗುಜ್ಜೆ (ಎಳೆ ಹಲಸು) ಅವರಿಗೆ ಇಡಿಚಕ್ಕ, ನಮ್ಮ ಹಲಸಿನ ಹಪ್ಪಳ ಚಕ್ಕ ಪಪ್ಪಡಂ, ಮಾಂಬಳಕ್ಕೆ ಮಾಂಗಾ ತೆರ ಅನ್ನುತ್ತಾರೆ. ಈ ಶಬ್ದಗಳು ಅಡುಗೆಮನೆಯವು, ಪಕ್ಕದ ಮನೆಯವರನ್ನು ಕೇಳಿದರೆ ಒಂದು ನಿಮಿಷದಲ್ಲಿ ಸಿಗುತ್ತವೆ. ಮೊದಲೇ ಮಾಡಿಡುವುದರ ದೊಡ್ಡ ಲಾಭ ಇಲ್ಲೇ ಇದೆ: ಕೇಳಿ ತಿದ್ದಿಸಲು ಸಮಯ ಇರುತ್ತದೆ. ಅವಸರದಲ್ಲಿ ಹಾಕುವಾಗ ಯಾರನ್ನು ಕೇಳುವುದು?

ಎಷ್ಟು ಹೊತ್ತಿಗೆ ಇಡುವುದು

ಇದಕ್ಕೆ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಇನ್‌ಸ್ಟಾಗ್ರಾಮಿನ ಇನ್‌ಸೈಟ್ಸ್ ಒಳಗೆ ನಿಮ್ಮ ಫಾಲೋವರ್‌ಗಳು ಯಾವ ದಿನ, ಯಾವ ಹೊತ್ತಿಗೆ ಜಾಸ್ತಿ ಇರುತ್ತಾರೆ ಎಂದು ತೋರಿಸುತ್ತದೆ. ಮೊದಲು ಅದನ್ನು ನೋಡಿ.

ಆಮೇಲೆ ನಿಮ್ಮ ಗಿರಾಕಿ ಎಲ್ಲಿದ್ದಾರೆ ಎಂದು ಯೋಚಿಸಿ. ಯುಎಇ ಮತ್ತು ಒಮಾನ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್, ಕತಾರ್, ಬಹ್ರೇನ್ ಎರಡೂವರೆ ಗಂಟೆ ಹಿಂದೆ. ನಮ್ಮ ರಾತ್ರಿ ಒಂಬತ್ತೂವರೆ ಅಂದರೆ ದುಬೈಯಲ್ಲಿ ಎಂಟು, ಕೆಲಸ ಮುಗಿಸಿ ಊಟಕ್ಕೆ ಕೂರುವ ಹೊತ್ತು, ಊರಿನ ತಿಂಡಿ ನೆನಪಾಗುವ ಹೊತ್ತು. ರಜೆಯ ದಿನವೂ ಬೇರೆ ಬೇರೆ. ಯುಎಇಯಲ್ಲಿ 2022ರಿಂದ ಶನಿವಾರ, ಭಾನುವಾರ ರಜೆ. ಸೌದಿ, ಕುವೈತ್, ಕತಾರ್‌ನಲ್ಲಿ ಶುಕ್ರವಾರ, ಶನಿವಾರ. ಬೆಂಗಳೂರಿನವರಿಗಾದರೆ ನಾವು ಮಂಗಳವಾರ ಸಂಜೆ ಹಾಕುತ್ತೇವೆ. ಬುಧವಾರ ಆರ್ಡರ್ ಬಂದರೆ ಗುರುವಾರ ಪಾರ್ಸೆಲ್ ಹೊರಡುತ್ತದೆ, ವಾರದ ಕೊನೆಗೆ ಅವರ ಕೈಯಲ್ಲಿರುತ್ತದೆ. ಪೋಸ್ಟಿನ ಹೊತ್ತನ್ನು ಪಾರ್ಸೆಲಿನ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಇಡಬೇಕು, ಇದನ್ನು ಯಾವ ಆ್ಯಪ್ ಕೂಡ ಹೇಳಿಕೊಡುವುದಿಲ್ಲ.

ಈಗ ಶೆಡ್ಯೂಲ್ ಮಾಡುವುದು

ಬಿಸಿನೆಸ್ ಸೂಟ್ ತೆರೆದು ಹೊಸ ಪೋಸ್ಟ್ ಶುರು ಮಾಡಿ. ಪೇಜ್, ಇನ್‌ಸ್ಟಾಗ್ರಾಮ್ ಎರಡಕ್ಕೂ ಗುರುತು ಹಾಕಿ. ಚಿತ್ರ ಹಾಕಿ, ಬರಹ ಹಾಕಿ. ಕೆಳಗೆ ಶೆಡ್ಯೂಲ್ ಎಂಬುದನ್ನು ಆರಿಸಿದರೆ ದಿನಾಂಕ, ಸಮಯ ಕೇಳುತ್ತದೆ. ಇಲ್ಲಿ ಎಎಂ, ಪಿಎಂ ಎರಡು ಸಲ ನೋಡಿ. ಸಂಜೆ ಆರೂವರೆಗೆ ಹೋಗಬೇಕಾದ್ದು ಬೆಳಗ್ಗೆ ಆರೂವರೆಗೆ ಹೋಗುವುದು ಎಲ್ಲರಿಗೂ ಒಮ್ಮೆಯಾದರೂ ಆಗುತ್ತದೆ. ಎಲ್ಲ ಸರಿ ಇದ್ದರೆ ಒತ್ತಿ. ಆ ಪೋಸ್ಟ್ ಈಗ ಫೇಸ್‌ಬುಕ್‌ನವರ ಸರ್ವರಿನಲ್ಲಿ ಕುಳಿತಿದೆ. ನಿಮ್ಮ ಫೋನ್ ಆಫ್ ಆದರೂ, ಊರಲ್ಲೇ ಕರೆಂಟ್ ಇಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಹೋಗುತ್ತದೆ.

ಪ್ಲಾನರ್ ಎಂಬ ಭಾಗದಲ್ಲಿ ತಿಂಗಳ ಕ್ಯಾಲೆಂಡರಿನಲ್ಲಿ ಇಟ್ಟದ್ದೆಲ್ಲ ಕಾಣುತ್ತದೆ. ಯಾವುದನ್ನಾದರೂ ತೆರೆದು ತಿದ್ದಬಹುದು, ದಿನ ಬದಲಿಸಬಹುದು, ಅಳಿಸಬಹುದು. ಸ್ಟೋರಿ, ರೀಲ್ ಕೂಡ ಇಲ್ಲಿಂದಲೇ ಇಡಬಹುದು. ರೀಲಿಗೆ ಸಿನಿಮಾ ಹಾಡು ಹಾಕುವ ಆಸೆ ಬೇಡ. ವ್ಯಾಪಾರದ ಖಾತೆಗೆ ಆ ಹಾಡುಗಳೆಲ್ಲ ಸಿಗುವುದಿಲ್ಲ, ಹಕ್ಕಿನ ತಕರಾರು ಬಂದರೆ ರೀಲಿನ ಸದ್ದೇ ನಿಂತುಹೋಗಬಹುದು. ಹಪ್ಪಳ ಎಣ್ಣೆಗೆ ಬಿದ್ದಾಗಿನ ಸದ್ದಿಗಿಂತ ಒಳ್ಳೆಯ ಸಂಗೀತ ಯಾವುದು ಬೇಕು!

ಇನ್‌ಸ್ಟಾಗ್ರಾಮ್ ಮಾತ್ರ ಬಳಸುವವರು ಅದರ ಆ್ಯಪಿನಲ್ಲೇ ಶೆಡ್ಯೂಲ್ ಮಾಡಬಹುದು, 75 ದಿನದವರೆಗೆ ಮುಂದಕ್ಕೆ ಇಡಲು ಬಿಡುತ್ತದೆ. ನಾನು ಅಷ್ಟು ಮುಂದೆ ಹೋಗುವುದಿಲ್ಲ, ಮೂರು ನಾಲ್ಕು ವಾರ ಸಾಕು. ಅದಕ್ಕಿಂತ ಮುಂದೆ ಹಲಸು ಎಷ್ಟು ಬಿಡುತ್ತದೆ, ಮಳೆ ಯಾವಾಗ ಹಿಡಿಯುತ್ತದೆ ಎಂದು ಯಾರಿಗೆ ಗೊತ್ತು. ಒಂದು ಎಚ್ಚರಿಕೆ: ಇನ್‌ಸ್ಟಾಗ್ರಾಮ್ ಆ್ಯಪಿನ ಡ್ರಾಫ್ಟ್‌ಗಳು ನಿಮ್ಮ ಫೋನಿನಲ್ಲೇ ಇರುತ್ತವೆ. ಆ್ಯಪ್ ತೆಗೆದು ಮತ್ತೆ ಹಾಕಿದರೆ ಅವು ಹೋದವು. ಡ್ರಾಫ್ಟ್ ಬೇರೆ, ಶೆಡ್ಯೂಲ್ ಬೇರೆ. ಯೂಟ್ಯೂಬ್ ಇರುವವರಿಗೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಇದೇ ಕೆಲಸ ಆಗುತ್ತದೆ, ವಿಡಿಯೋ ಹಾಕುವಾಗ ವಿಸಿಬಿಲಿಟಿ ಕೇಳುವ ಕಡೆ ದಿನಾಂಕ ಕೊಟ್ಟರಾಯಿತು. ಬಫರಿನಂಥ ಬೇರೆ ಸಾಧನಗಳೂ ಉಂಟು. ಐದಾರು ಕಡೆ ಖಾತೆ ಇರುವವರಿಗೆ ಅವು ಒಳ್ಳೆಯದು, ಫೇಸ್‌ಬುಕ್ ಇನ್‌ಸ್ಟಾಗ್ರಾಮ್ ಎರಡೇ ಇರುವವರಿಗೆ ಅಗತ್ಯವಿಲ್ಲ.

ನಿಲ್ಲಿಸಲೂ ಗೊತ್ತಿರಬೇಕು

ಮೊದಲೇ ಇಟ್ಟ ಪೋಸ್ಟಿಗೆ ಊರಲ್ಲಿ ಏನಾಗಿದೆ ಎಂದು ಗೊತ್ತಿರುವುದಿಲ್ಲ. 2024ರ ಅಕ್ಟೋಬರ್ 28ರ ರಾತ್ರಿ ನಮ್ಮ ಜಿಲ್ಲೆಯ ನೀಲೇಶ್ವರದಲ್ಲಿ ದೈವದ ಉತ್ಸವದ ನಡುವೆ ಪಟಾಕಿ ದಾಸ್ತಾನಿಗೆ ಬೆಂಕಿ ಹತ್ತಿ ನೂರಕ್ಕೂ ಹೆಚ್ಚು ಜನರಿಗೆ ಸುಟ್ಟ ಗಾಯವಾಯಿತು, ಕೆಲವರು ಆಮೇಲೆ ತೀರಿಕೊಂಡರು. ಮರುದಿನ ಬೆಳಗ್ಗೆ ಎಂಟು ಗಂಟೆಗೆ ನಮ್ಮ ಪೇಜಿನಿಂದ ದೀಪಾವಳಿ ಪೋಸ್ಟ್ ಹೋಯಿತು, ಚಿತ್ರದಲ್ಲಿ ಹೂಕುಂಡ ಉರಿಯುತ್ತಿತ್ತು. ವಾರದ ಹಿಂದೆ ನಾನೇ ಇಟ್ಟದ್ದು. ಅಲ್ಲೇ ಹತ್ತಿರದ ಹೊಸದುರ್ಗ (ಕಾಞಂಗಾಡ್) ಕಡೆಯ ಗಿರಾಕಿ ಒಬ್ಬರು "ಇವತ್ತು ಇದು ಬೇಕಿತ್ತಾ?" ಎಂದು ಮಾತ್ರ ಬರೆದರು. ತಕ್ಷಣ ತೆಗೆದೆ, ಅವರ ಹತ್ತಿರ ಕ್ಷಮೆ ಕೇಳಿದೆ. ಆ ಒಂದು ಸಾಲು ಇವತ್ತಿಗೂ ಮನಸ್ಸಿನಲ್ಲಿದೆ.

ಅಂದಿನಿಂದ ನಮ್ಮಲ್ಲಿ ಒಂದು ರೂಢಿ. ಬೆಳಗ್ಗೆ ಕಾಫಿ ಕುಡಿಯುವಾಗ ಪೇಪರ್ ನೋಡಿ, ಆಮೇಲೆ ಪ್ಲಾನರ್ ತೆರೆದು ಇವತ್ತು ಏನು ಹೋಗಲಿಕ್ಕುಂಟು ಎಂದು ನೋಡುವುದು. ಒಂದೇ ನಿಮಿಷ. ಹರತಾಳ ಇದ್ದರೆ "ಇಂದು ಅಂಗಡಿಗೆ ಬನ್ನಿ" ಎಂಬುದನ್ನು ಮುಂದೂಡಿ. ರೆಡ್ ಅಲರ್ಟ್ ಕೊಟ್ಟು ಶಾಲೆಗೆ ರಜೆ ಮಾಡಿದ ದಿನ "ಮಳೆಯಲ್ಲಿ ಬಿಸಿ ಬಿಸಿ ಹಪ್ಪಳ" ಎಂಬ ಮಾತು ಹೊಳೆ ಬದಿಯ ಮನೆಯವರಿಗೆ ಹೇಗೆ ಕೇಳಬಹುದು ಎಂದು ಯೋಚಿಸಿ. ಪೇಟೆಯಲ್ಲಿ ಎಲ್ಲರಿಗೂ ಬೇಕಾದವರು ಯಾರಾದರೂ ತೀರಿಕೊಂಡಿದ್ದರೆ ಆ ದಿನ ಸುಮ್ಮನಿರಿ. ಅದೇ ರೀತಿ ದಾಸ್ತಾನು ಮುಗಿದಿದ್ದರೆ ಆ ಪೋಸ್ಟ್ ನಿಲ್ಲಿಸಿ. ಮಾಂಬಳ ಖಾಲಿಯಾದ ಮೇಲೆ "ಮಾಂಬಳ ಸಿದ್ಧ" ಎಂದು ಹೋದರೆ ಇಲ್ಲ ಇಲ್ಲ ಎಂದು ಹೇಳಿಯೇ ದಿನ ಕಳೆಯುತ್ತದೆ, ಕೇಳಿದವರಿಗೂ ಬೇಜಾರು.

ಮತ್ತೆ, ಪೋಸ್ಟ್ ತಾನಾಗಿ ಹೋಗಲಿ, ಉತ್ತರ ಮಾತ್ರ ಕೈಯಾರೆ ಕೊಡಿ. ರಾತ್ರಿ ಒಂಬತ್ತೂವರೆಗೆ ಪೋಸ್ಟ್ ಇಟ್ಟರೆ ಹತ್ತೂವರೆವರೆಗೆ ಯಾರಾದರೂ ಒಬ್ಬರು ಫೋನ್ ಹತ್ತಿರ ಇರಬೇಕು. ಕೇಳಿದ ಹೊತ್ತಿಗೆ ಉತ್ತರ ಸಿಕ್ಕಿದರೆ ಆರ್ಡರ್ ಆಗುತ್ತದೆ, ಮರುದಿನಕ್ಕೆ ಹೋದರೆ ಆಸೆ ಆರಿರುತ್ತದೆ.

ವಾಟ್ಸಾಪ್ ಬೇರೆಯೇ ಲೆಕ್ಕ

ನಮ್ಮ ಕಡೆ ಆರ್ಡರ್ ಕೊನೆಗೆ ಬರುವುದು ವಾಟ್ಸಾಪಿಗೇ. ಸ್ಟೇಟಸನ್ನು ನಾವು ಕೈಯಿಂದಲೇ ಹಾಕುತ್ತೇವೆ, ಫೋಟೋ ಬರಹ ಮೊದಲೇ ತಯಾರಿರುವುದರಿಂದ ಅರ್ಧ ನಿಮಿಷ ಸಾಕು. ತಾನಾಗಿ ಮೆಸೇಜ್ ಕಳಿಸುವ ಬೇರೆಯವರ ಆ್ಯಪ್‌ಗಳ ಗೊಡವೆ ಬೇಡ, ನಂಬರೇ ಬ್ಲಾಕ್ ಆದರೆ ವ್ಯಾಪಾರವೇ ಕೈಬಿಡುತ್ತದೆ. ವಾಟ್ಸಾಪ್ ಬಿಸಿನೆಸ್ ಆ್ಯಪಿನಲ್ಲಿ ಅಂಗಡಿ ಹೊತ್ತಿನ ಹೊರಗೆ ತಾನಾಗಿ ಹೋಗುವ "ಅವೇ ಮೆಸೇಜ್" (Away message) ಉಂಟು, ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಕ್ವಿಕ್ ರಿಪ್ಲೈ ಉಂಟು, ಬೆಲೆ ಸಹಿತ ತೋರಿಸಲು ಕ್ಯಾಟಲಾಗ್ ಉಂಟು. ಇಷ್ಟು ಸಾಕು. ಅದರಲ್ಲೇ ಶಾರ್ಟ್ ಲಿಂಕ್ ಸಿಗುತ್ತದೆ, ಅದನ್ನು ಇನ್‌ಸ್ಟಾಗ್ರಾಮ್ ಪ್ರೊಫೈಲಿನಲ್ಲಿ ಹಾಕಿ. ಪೋಸ್ಟಿನ ಬರಹದಲ್ಲಿ ಹಾಕಿದರೆ ಅಲ್ಲಿ ಒತ್ತಲು ಆಗುವುದಿಲ್ಲ.

ಬ್ರಾಡ್‌ಕಾಸ್ಟ್ (ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವುದು) ಮಾಡುವವರು ನೆನಪಿಡಿ: ಒಂದು ಪಟ್ಟಿಯಲ್ಲಿ 256 ಜನ, ಅದೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಪಾರ್ಸೆಲ್ ಒಳಗೆ ಹೆಸರು, ನಂಬರ್ ಇರುವ ಸಣ್ಣ ಚೀಟಿ ಇಡಿ, ಸೇವ್ ಮಾಡಿಕೊಳ್ಳಲು ಹೇಳಿ.

ಲೆಕ್ಕ ಇಡುವುದು

ಲೈಕ್ ಎಷ್ಟು ಬಂತು ಎಂದು ನಾವು ನೋಡುವುದು ಕಡಿಮೆ. ಎಷ್ಟು ಜನ ಸೇವ್ ಮಾಡಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು, ಅದನ್ನು ನೋಡುತ್ತೇವೆ. ಅದಕ್ಕಿಂತಲೂ ಒಳ್ಳೆಯ ದಾರಿ ಒಂದಿದೆ. ಹೊಸದಾಗಿ ಆರ್ಡರ್ ಕೊಟ್ಟವರನ್ನೆಲ್ಲ "ನಮ್ಮದನ್ನು ಎಲ್ಲಿ ನೋಡಿದಿರಿ?" ಎಂದು ಕೇಳಿ ಆ ನೋಟ್‌ಪುಸ್ತಕದಲ್ಲೇ ಬರೆಯುವುದು. ತಿಂಗಳ ಕೊನೆಗೆ ಓದಿದರೆ ಯಾವ ಪೋಸ್ಟ್ ಕೆಲಸ ಮಾಡಿದೆ ಎಂದು ನೇರವಾಗಿ ಕಾಣುತ್ತದೆ. ನಮಗೆ ಅದರಿಂದ ಗೊತ್ತಾದದ್ದು, ಚಂದದ ಡಿಸೈನ್ ಮಾಡಿದ ಪೋಸ್ಟ್‌ಗಳಿಗಿಂತ ಚಾಪೆ ಮೇಲಿನ ಹಪ್ಪಳದ ಸಾದಾ ಫೋಟೋ ನೋಡಿ ಬಂದವರೇ ಜಾಸ್ತಿ. ಡಿಸೈನಿಗೆ ಹೋಗುತ್ತಿದ್ದ ಸಮಯ ಉಳಿಯಿತು.

ಈಗ ಚಿಕ್ಕಮ್ಮ ಆ ಪುಸ್ತಕವನ್ನು ಅಡುಗೆಮನೆಯ ಕಪಾಟಿನಲ್ಲಿ, ಹಪ್ಪಳದ ಡಬ್ಬದ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ಮೊನ್ನೆ ತೆರೆದು ನೋಡಿದರೆ ಜೂನ್ ಪುಟದಲ್ಲಿ ಅವರದೇ ಕೈಬರಹದಲ್ಲಿ ಮೊದಲ ಸಾಲು ಬಂದಾಗಿತ್ತು: "ಶಾರ್ಜಾದವರು ಜುಲೈ 10ಕ್ಕೆ ಬರುವುದು, ಖಾರ ಕಡಿಮೆ, ಇನ್ನೂರು ಹಪ್ಪಳ. ಫೋಟೋ ಬಿಸಿಲಿರುವಾಗಲೇ."